ಹಸಿರು ತುಳಿಯುವ ಬುಧವಾರ

ಹಾಜಿರಾ ಬೀಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅದಕ್ಕೇ ಇರಬೇಕು, ಹೇಳಿದ ಒಂದೇ ಒಂದು ಸುಳ್ಳು ಮುಂಗಾರಿನಿಂದ ಅವಳ ನಿದ್ದೆ ತಿನ್ನುತ್ತಿತ್ತು.

ಸುಳ್ಳು ಇಷ್ಟೇ. ಅವಳ ಒಬ್ಬಳೇ ಮಗಳು ನೂರುನ್ನೀಸಾ, ಸೊರಬಕ್ಕೆ ಕೊಟ್ಟ ಹುಡುಗಿ, ಮಳೆ ಹಿಡಿಯುವ ಮೊದಲು ನಾಲ್ಕು ದಿನ ಇದ್ದು ಹೋಗೋಣವೆಂದು ಶಿಕಾರಿಪುರದ ತವರಿಗೆ ಬಂದಳು. ಬಂದವಳನ್ನು ವಿಷಮಶೀತ ಜ್ವರ ಹಿಡಿದು ಮಲಗಿಸಿತು. ಡಾಕ್ಟರು ಬಂದರು, ಔಷಧಿ ಕೊಟ್ಟರು, ಅಲ್ಲಾ ಕಣ್ಣು ಬಿಟ್ಟ, ಜ್ವರ ಇಳಿಯಿತು. ಹುಡುಗಿ ಎದ್ದು ಕೂತು ಗಂಜಿ ಕುಡಿದಳು, ಆಮೇಲೆ ರೊಟ್ಟಿಯನ್ನೂ ತಿಂದಳು. ಆದರೆ ತಲೆಗೂದಲು ಹಿಡಿ ಹಿಡಿಯಾಗಿ ದಿಂಬಿನ ಮೇಲೆ ಉದುರತೊಡಗಿತು. ಅರೆಬರೆ ತಲೆಯನ್ನು ನೋಡಲಾರದೆ ಹಾಜಿರಾ ಬೀಯೇ ಒಂದು ಬೆಳಿಗ್ಗೆ ಕತ್ತರಿ ಹಿಡಿದು ಉಳಿದದ್ದನ್ನೂ ಬುಡಕ್ಕೆ ಕತ್ತರಿಸಿಬಿಟ್ಟಳು. ಸೊರಬದವರಿಗೆ ಮಾತ್ರ “ಬರೀ ಶೀತಜ್ವರ, ಚೆನ್ನಾಗಿದಾಳೆ” ಎಂದೇ ಹೇಳಿ ಕಳಿಸಿದಳು.

ಕೂದಲು ಹೋದರೆ ಬರುತ್ತದೆ, ಅದಕ್ಕೇಕೆ ಸುಳ್ಳು ಎನ್ನುತ್ತೀರಿ. ನೀವು ಬೀಗಿತಿ ಖುರ್ಷೀದ್ ಬೀಯನ್ನು ನೋಡಿಲ್ಲ, ಅದಕ್ಕೇ ಹಾಗನ್ನುತ್ತೀರಿ. ಆಕೆ ಸೊರಬದ ಬಳೆಗಾರ್ತಿ. ಬಳೆಯ ಮಲಾರ ಹೆಗಲಿಗೇರಿಸಿ ಊರಿನ ಯಾವ ಮನೆಯ ಹಿತ್ತಲಿಗಾದರೂ ಹೋಗಬಲ್ಲವಳು. ಎತ್ತರದ ಆಳು, ಗಟ್ಟಿ ಗಂಟಲು, ನೋಡಿದರೆ ಒಳಗಿನ ಕರುಳೂ ಕಾಣುವಂಥ ಕಣ್ಣು. ಹೆಣ್ಣು ನೋಡಲು ಬಂದಾಗ ನೂರುನ್ನೀಸಾಳನ್ನು ತಿರುಗಿ ನಿಲ್ಲಿಸಿ, ಮಂಡಿ ಮುಟ್ಟುವ ಜಡೆಯನ್ನು ಕೈಯಲ್ಲಿ ತೂಗಿ, “ಮತ್ತೆಂತದೂ ಬ್ಯಾಡ, ಈ ಜಡೆ ಒಂದು ಸಾಕು ನಂಗೆ” ಎಂದು ನಾಲ್ಕು ಜನರೆದುರು ಹೇಳಿದ್ದಳು. ಆಗ ಹಾಜಿರಾ ಬೀ ಹಿಗ್ಗಿ ಹೀರೇಕಾಯಿ ಆಗಿದ್ದಳು. ಈಗ ಅದೇ ಮಾತು ಅವಳ ಎದೆಯ ಮೇಲೆ ರುಬ್ಬುಗುಂಡಿನ ಹಾಗೆ ಕೂತಿತ್ತು. ಬೋಳು ತಲೆಯ ಸೊಸೆಯನ್ನು ಕಂಡು ಆಕೆ ಏನೆಂದಾಳು? ಮಗನಿಗೆ ಬೇರೆ ಹೆಣ್ಣು ತರುತ್ತೇನೆ ಅಂದುಬಿಟ್ಟರೆ?

ಅಳಿಯ ಪೀರ್ ಸಾಬ್ ಹೆಂಡತಿಯನ್ನು ನೋಡಲು ಎರಡು ಸಲ ಬಂದ. ಎರಡು ಸಲವೂ ಹಾಜಿರಾ ಬೀ ಬಾಗಿಲಿಗೇ ಅಡ್ಡ ನಿಂತು, “ಈಗಷ್ಟೇ ಮಲಗಿದಾಳಪ್ಪ. ಹತ್ರ ಹೋಗಬ್ಯಾಡ ಅಂದಾರ ಡಾಕ್ಟರು” ಎಂದು ಚಹಾ ಕುಡಿಸಿ ಕಳಿಸಿದಳು. ಪಾಪ, ಅವನು ಕಂಡದ್ದು ರಜಾಯಿಯ ಒಂದು ಗುಡ್ಡೆಯನ್ನು ಮಾತ್ರ. ಆಮೇಲೆ ಸೊರಬದಿಂದ ಹೇಳಿಕೆ ಬಂದಾಗಲೆಲ್ಲ ಇವಳ ಹತ್ತಿರ ಒಂದೊಂದು ನೆಪ ಸಿದ್ಧವಿತ್ತು. ಮಳೆ ಜೋರು, ಹುಡುಗಿಗೆ ಸುಸ್ತು. ಕಡೆಗೆ ಸಫರ್ ತಿಂಗಳು ಹುಟ್ಟಿತು. ಅದರ ಮೊದಲ ಹದಿಮೂರು ದಿನ ಭಾರದ ದಿನ, ಯಾರೂ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಆ ನೆಪವೂ ಮುಗಿಯಿತು.

ಆಗ ಖುರ್ಷೀದ್ ಬೀಯಿಂದ ಕೊನೆಯ ಹೇಳಿಕೆ ಬಂತು. “ಆಖ್ರಿ ಚಾರ್‌ಶಂಬಾಕ್ಕೆ ನಾಯಕರ ತೋಟಕ್ಕೆ ಬರ್ತೀವಿ. ನೀವೂ ಬನ್ನಿ, ಸೊಸೆನ ಕರ್ಕೊಂಡೇ ಬನ್ನಿ. ನನ್ನ ಕಣ್ಣಲ್ಲಿ ನೋಡ್ಬೇಕು. ನೋಡಿದ ಮೇಲೆ ಎಂತ ಮಾಡೋದು ಅಂತ ತೀರ್ಮಾನ ಮಾಡುವಾ.”

‘ಎಂತ ಮಾಡೋದು’ ಎಂಬ ಎರಡು ಮಾತಿನಲ್ಲಿ ಹಾಜಿರಾ ಬೀಗೆ ಅಳಿಯನ ಎರಡನೇ ಮದುವೆಯೇ ಕೇಳಿಸಿತು. ಆದರೆ ಹೋಗದೆ ಇರುವ ಹಾಗಿಲ್ಲ. ಆಖ್ರಿ ಚಾರ್‌ಶಂಬಾ ಎಂದರೆ ಸಫರಿನ ಕೊನೆಯ ಬುಧವಾರ. ಅಂದು ಪೈಗಂಬರರು ಕಾಯಿಲೆಯಿಂದ ಚೂರು ಚೇತರಿಸಿಕೊಂಡು, ಸ್ನಾನ ಮಾಡಿ ಹೊರಗೆ ಬಂದರೆಂದು ಹಿರಿಯರು ಹೇಳುತ್ತಾರೆ. ಅದಕ್ಕೇ ಆ ದಿನ ಎಲ್ಲರೂ ಮಿಂದು, ಮಡಿಯುಟ್ಟು, ಬುತ್ತಿ ಕಟ್ಟಿಕೊಂಡು ಯಾವುದಾದರೂ ತೋಟಕ್ಕೆ ಹೋಗಿ ಬರಿಗಾಲಲ್ಲಿ ಹಸಿರು ಹುಲ್ಲು ತುಳಿಯಬೇಕು. ಕಾಯಿಲೆ ಬಿದ್ದು ಎದ್ದವರಂತೂ ತುಳಿಯಲೇಬೇಕು. ಮಗಳನ್ನು ಆ ದಿನ ಮನೆಯಲ್ಲಿ ಕೂಡಿಹಾಕಲು ಯಾವ ತಾಯಿಗೆ ಮನಸ್ಸು ಬಂದೀತು?

ಹಾಜಿರಾ ಬೀ ಎರಡು ದಿನ ತಲೆ ಕೆಡಿಸಿಕೊಂಡು ಒಂದು ಉಪಾಯ ಹೂಡಿದಳು. ಕತ್ತರಿಸಿದ ಕೂದಲನ್ನು ಅವಳು ಬಿಸಾಡಿರಲಿಲ್ಲ. ಅದನ್ನು ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ, ಉದ್ದಕ್ಕೆ ಜಡೆ ಹೆಣೆದು ಕಪ್ಪು ಬಟ್ಟೆಯ ಪಟ್ಟಿಗೆ ಹೊಲಿದಳು. ಪಟ್ಟಿಯನ್ನು ತಲೆಗೆ ಬಿಗಿದು ಸೆರಗು ಹಣೆಗೆ ಎಳೆದರೆ ಯಾರಪ್ಪನಿಗೂ ಗೊತ್ತಾಗದು. ಗಂಡ ವಲೀಸಾಬ್ ಕಲಾಯಿ ಹಾಕುವವನು, ಪೇಟೆಯ ಹಿತ್ತಾಳೆ ಪಾತ್ರೆಗಳಿಗೆಲ್ಲ ಒಳಗಿನಿಂದ ಬೆಳ್ಳಿಯ ಹೊಳಪು ಕೊಡುವುದೇ ಅವನ ಕೆಲಸ. ಹೆಂಡತಿಯ ಕೆಲಸವನ್ನು ತಿರುಗಿಸಿ ನೋಡಿ ನಕ್ಕ.

“ನಾ ಒಳಗ ಕಲಾಯಿ ಹಾಕ್ತೀನಿ, ನೀ ಹೊರಗ ಹಾಕ್ತಿ ನೋಡು. ನಿಜ ಹೇಳಿ ಕೈ ತೊಳಕೋಬಾರದಾ?”

“ಇದ್ರಾಗೇನ್ ಸುಳ್ಳೈತ್ರೀ? ಅಕಿ ಕೂದಲೇ ತಾನೆ? ತಲಿಗೆ ಹತ್ತಿಲ್ಲ ಅಷ್ಟೇ” ಎಂದು ಹಾಜಿರಾ ಬೀ ರೇಗಿದಳು.

ನೂರುನ್ನೀಸಾಗೆ ಈ ಆಟ ಚೂರೂ ಬೇಕಿರಲಿಲ್ಲ. “ಅಮ್ಮೀ, ಕಡೀತೈತಿ ಇದು. ಅವರಿಗೆ ಹೇಳಿಬಿಡೋಣ” ಎಂದಳು. “ನಿನ್ನ ಬಾಯಿಗೆ ಬೀಗ ಹಾಕ್ಕೋ. ಸಂಸಾರ ಉಳಿಸ್ಕೊಡಾಕತ್ತೀನಿ ನಾನು” ಎಂದು ತಾಯಿ ಗದರಿದ ಮೇಲೆ ಹುಡುಗಿ ಸುಮ್ಮನಾದಳು.

ಬುಧವಾರ ಬೆಳಿಗ್ಗೆ ಮೂವರೂ ಶಿರಾಳಕೊಪ್ಪದ ಬಸ್ಸು ಹತ್ತಿದರು. ಹಾಜಿರಾ ಬೀಯ ತೊಡೆಯ ಮೇಲೆ ಕರಿದ ಸಿಹಿ ಗುಲ್ಗುಲೆಯ ಡಬ್ಬಿ, ಪಕ್ಕದಲ್ಲಿ ಪಲಾವಿನ ತಪ್ಪಲೆ. ಒಂದು ಕೈ ಮಾತ್ರ ಮಗಳ ಬೆನ್ನಿನ ಮೇಲೆಯೇ ಇತ್ತು. ಬಸ್ಸು ಕುಲುಕಿದಾಗಲೆಲ್ಲ ಜಡೆ ಜಾರಿತೇನೋ ಎಂದು ಮುಟ್ಟಿ ನೋಡುತ್ತಿದ್ದಳು. ಪಟ್ಟಿಯ ಹೊಲಿಗೆ ಕಾಣಬಾರದೆಂದು ಜಡೆಯ ಮೇಲಿಂದ ಕೆಳಗಿನವರೆಗೂ ಮರುಗ, ಸೇವಂತಿಗೆ ಎಲ್ಲ ಸೇರಿಸಿ ಮುಡಿಸಿಬಿಟ್ಟಿದ್ದಳು. ಹುಡುಗಿ ಮದುವಣಗಿತ್ತಿಯಂತೆ ಕಾಣುತ್ತಿದ್ದಳು, ಮುಖ ಮಾತ್ರ ಹಲ್ಲುನೋವಿನವರಂತಿತ್ತು.

ಶಿರಾಳಕೊಪ್ಪದಲ್ಲಿ ಇಳಿದು ಗಾಡಿ ಮಾಡಿಕೊಂಡು ತಾಳಗುಂದ ದಾಟಿದರೆ ನಾಯಕರ ತೋಟ. ಯಾವ ನಾಯಕರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಯಾರೇ ಮಾಡಿಸಿರಲಿ, ತಲೆಮಾರುಗಳ ಹಿಂದೆ ಮಾಡಿಸಿದ ತೋಟ. ಕಲ್ಲಿನ ಕಾಲುವೆಗಳು ಮರದಿಂದ ಮರಕ್ಕೆ ಹರಿದು ಮೆಟ್ಟಿಲ ಕೊಳದಲ್ಲಿ ಸೇರುತ್ತಿದ್ದವು. ಇಬ್ಬರು ಕೈ ಚಾಚಿದರೂ ತಬ್ಬಿಗೆ ಸಿಗದ ಮಾವಿನ ಮರಗಳು, ಸಂಪಿಗೆ, ರಂಜಲು, ಹಣ್ಣಿನ ಭಾರಕ್ಕೆ ನೆಲಕ್ಕೆ ಬಾಗಿದ ಚಕ್ಕೋತ, ಮರಗಳ ನಡುವೆ ಮಳೆಗಾಲವಿಡೀ ಹಬ್ಬಿದ ಹುಲ್ಲು. ಈಗ ಅದು ಒಬ್ಬ ಗೌಡರ ಪಟ್ಟಾ ಜಮೀನು. ಆ ಮನೆಯವರು ಆಖ್ರಿ ಚಾರ್‌ಶಂಬಾಕ್ಕೆ ಸಾಬರ ಮನೆಯವರನ್ನು ಎಂದೂ ಬೇಡವೆಂದವರಲ್ಲ. ಹಿಂದೆಲ್ಲ ಮನೆಯ ಹಿರಿಯಾಕೆ ತಾನೇ ನಿಂತು ಮಜ್ಜಿಗೆ ಕೊಡುತ್ತಿದ್ದಳು. ಆಕೆ ಕಳೆದ ವರ್ಷ ತೀರಿಹೋಗಿ, ಈಗ ಸೊಸೆ ವರದಮ್ಮನ ಯಜಮಾನಿಕೆ.

ವರದಮ್ಮ ಗೇಟಿನ ಹತ್ತಿರವೇ ಕಾದಿದ್ದಳು. ಮುಖದ ತುಂಬ ನಗು. “ಬರ್ರೀ ಬರ್ರೀ. ಈ ಸಲ ನಿಮಗ ಭಾಳ ಅನುಕೂಲ ಮಾಡ್ಸೀನಿ ನೋಡ್ರಿ. ಮೊಣಕಾಲುದ್ದ ಬೆಳೆದಿತ್ತು ಹುಲ್ಲು. ಹಾವು ಹುಳ ಇದ್ದಾವು, ಹೆಣ್ಮಕ್ಕಳು ಬರಿಗಾಲಾಗ ಅಡ್ಡಾಡ್ತಾರ ಅಂತ, ಬೆನಕಪ್ಪನ ಕುರಿ ಮಂದೀನ ಮೂರು ರಾತ್ರಿ ತೋಟದಾಗ ನಿಲ್ಲಿಸಿದ್ದೆ. ಹೆಂಗ ಒಪ್ಪ ಮಾಡ್ಯಾವ ನೋಡ್ರಿ!”

ಹಾಜಿರಾ ಬೀ ನೋಡಿದಳು. ತೋಟದ ಈ ತುದಿಯಿಂದ ಆ ತುದಿಯವರೆಗೆ ಒಂದು ಎಸಳು ಹಸಿರಿಲ್ಲ. ಕುರಿಗಳು ಬೇರಿನ ಮಟ್ಟಕ್ಕೆ ಮೇಯ್ದು, ತುಳಿದು, ನೆಲವನ್ನು ಕರಿ ಕೆಸರು ಮಾಡಿದ್ದವು. ಮೇಲೆ ಹಿಕ್ಕೆ ಚೆಲ್ಲಾಡಿತ್ತು. ಆ ಮಂದೆ ಇನ್ನೂ ಹೊರಟಿರಲಿಲ್ಲ. ಚಕ್ಕೋತದ ಮರದ ಹಿಂದೆ ಬಿದಿರು ತಡಿಕೆಯ ದೊಡ್ಡಿಯಲ್ಲಿ ನಿಂತು ಬ್ಯಾ ಎನ್ನುತ್ತಿತ್ತು. ಕುರುಬ ಬೆನಕಪ್ಪ ಕಂಬಳಿ ಹೊದ್ದು ಬೀಡಿ ಸೇದುತ್ತಿದ್ದ.

“ಯಾ ಅಲ್ಲಾ, ಹುಲ್ಲು ತುಳಿಯಾಕಂತನೇ ಬರ್ತೀವಲ್ಲ ತಾಯಿ ನಾವು!” ಎಂದಳು.

“ಅಯ್ಯೋ ನನ್ನ ಶಿವನೆ! ನೆರಳಿಗೆ ಬರ್ತೀರಿ, ಊಟ ಮಾಡಿ ಹೋಗ್ತೀರಿ ಅನಕೊಂಡಿದ್ನಲ್ರೀ. ನಮ್ಮತ್ತಿ ಏನೂ ಹೇಳ್ಲಿಲ್ಲ, ಹೊರಟೇ ಹೋದರು” ಎಂದು ವರದಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರೇ ಬಂತು. ಒಳ್ಳೆಯದು ಮಾಡಹೋಗಿ ಹೀಗಾದವಳನ್ನು ಬೈಯುವುದು ಹೇಗೆ? ಹಾಜಿರಾ ಬೀಯೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಒಳಗೊಳಗೆ ಮಾತ್ರ, ದಿನವೇ ಎಡವಿತು, ಇನ್ನು ಮಿಕ್ಕದ್ದೂ ಎಡವುತ್ತದೆ ಎಂದುಕೊಂಡಳು.

ಅಷ್ಟರಲ್ಲಿ ಸೊರಬದ ಗಾಡಿ ಬಂತು.

ಖುರ್ಷೀದ್ ಬೀ ಗಾಡಿ ನಿಲ್ಲುವ ಮೊದಲೇ ಇಳಿದಳು. ಹಿಂದೆ ಪೀರ್ ಸಾಬ್, ಕೈಯಲ್ಲಿ ಬುತ್ತಿಯ ಗಂಟು. ಆಕೆ ಸಲಾಂ ಹೇಳಲಿಲ್ಲ, ಕುಶಲ ಕೇಳಲಿಲ್ಲ. ನೇರ ಬಂದು ಸೊಸೆಯ ಮುಂದೆ ನಿಂತು ನೋಡಿದಳು. ನೋಡಿದಳು ಎಂದರೆ ಅಂತಿಂಥ ನೋಟವಲ್ಲ. ಕಾಲ್ಬೆರಳಿನಿಂದ ಹಣೆಯವರೆಗೆ ನಿಧಾನವಾಗಿ ನೋಡಿ, ಎರಡೂ ಕೈ ಹಿಡಿದು ಬೆರಳು ಒತ್ತಿ, ಕೆನ್ನೆ ಮುಟ್ಟಿ, “ನಡಿ ನೋಡುವಾ, ಅಲ್ಲಿ ತನಕ ನಡ್ದು ಬಾ” ಎಂದಳು. ನೂರುನ್ನೀಸಾ ಮಾವಿನ ಮರದವರೆಗೆ ನಡೆದು ಬಂದಳು. ಅತ್ತೆಯ ಕಣ್ಣು ಅವಳ ಬೆನ್ನನ್ನು ಬಿಡಲಿಲ್ಲ.

ಹಾಜಿರಾ ಬೀ ಇದನ್ನೆಲ್ಲ ನೋಡುತ್ತಲೇ ಇದ್ದಳು. ಸಂತೆಯಲ್ಲಿ ಎತ್ತು ನೋಡುವ ಹಾಗೆ ನೋಡುತ್ತಿದ್ದಾಳಲ್ಲ! ಜಡೆಯ ಮೇಲೇ ಕಣ್ಣು. ಗೊತ್ತಾಗಿಹೋಯಿತೇ?

“ಊಟ ಮಾಡೋಣ ಬರ್ರಿ ಬೀಗಿತ್ಯಾರೇ, ಹಸಿದು ಬಂದೀರಿ” ಎಂದು ಅವಸರದಲ್ಲಿ ಚಾಪೆ ಹಾಸಿದಳು. ನೆಲ ಒಣಗಿದ್ದ ಜಾಗ ಎಂದರೆ ಚಕ್ಕೋತದ ಬುಡ ಒಂದೇ. ಮಗಳ ಬೆನ್ನು ಅತ್ತೆಗೆ ಕಾಣಬಾರದೆಂದು, ಅವಳನ್ನು ತಡಿಕೆಗೆ ಬೆನ್ನು ಮಾಡಿ ಕೂರಿಸಿದಳು. ತನ್ನ ಜಾಣತನಕ್ಕೆ ತಾನೇ ಶಹಭಾಸ್ ಅಂದುಕೊಂಡಳು. ಎಂಥ ಜಾಣತನ ಎಂಬುದು ಈಗ ಗೊತ್ತಾಗುತ್ತದೆ.

ಪಲಾವು ಬಡಿಸಿದ್ದಾಯಿತು. ಪೀರ್ ಸಾಬ್ ತಟ್ಟೆ ನೋಡುವ ನೆಪದಲ್ಲಿ ಹೆಂಡತಿಯನ್ನು ನೋಡುತ್ತಿದ್ದ. ಖುರ್ಷೀದ್ ಬೀ ಒಂದು ತುತ್ತೂ ಬಾಯಿಗಿಡದೆ, ಕೊನೆಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಹಾಜಿರಾ ಬೀ, ಒಂದು ಮಾತು ಕೇಳ್ತೆ. ನಿಜ ಹೇಳ್ಬೇಕು.”

ಹಾಜಿರಾ ಬೀಯ ಕೈಯ ಸೌಟು ತಪ್ಪಲೆಗೆ ಬಿತ್ತು. ಅದೇ ಹೊತ್ತಿಗೆ ನೂರುನ್ನೀಸಾಳ ತಲೆ ಹಿಂದಕ್ಕೆ ಜಗ್ಗಿತು. “ಹಾಯ್ ಅಮ್ಮೀ!” ಎಂದು ಅವಳು ಚೀರಿದಳು.

ತಡಿಕೆಯ ಸಂದಿಯಿಂದ ಕೊಂಬಿನ ಟಗರೊಂದು ಕತ್ತು ಚಾಚಿ, ಸೇವಂತಿಗೆಗೆ ಬಾಯಿ ಹಾಕಿತ್ತು. ಹೂವಿನ ಜೊತೆಗೆ ಜಡೆ, ಜಡೆಯ ಜೊತೆಗೆ ಪಟ್ಟಿ, ಪಟ್ಟಿಯ ಜೊತೆಗೆ ಸೆರಗು, ಎಲ್ಲ ಒಂದೇ ಎಳೆತಕ್ಕೆ ಕಿತ್ತು ಬಂತು. ಬೆನಕಪ್ಪ “ಹೇ ಹೇ, ಬಿಡ್ಲೇ!” ಎಂದು ಓಡಿ ಬಂದು ಕಿವಿ ಹಿಡಿದ. ಟಗರು ಬಿಡಲಿಲ್ಲ. ಅದರ ಬಾಯಿಂದ ನೂರುನ್ನೀಸಾಳ ಜಡೆ ನೇತಾಡುತ್ತಿತ್ತು. ಟಗರು ಮಾತ್ರ ನಿಶ್ಚಿಂತೆಯಿಂದ ಹೂವು ಮೆಲ್ಲುತ್ತಿತ್ತು.

ಚಾಪೆಯ ಮೇಲೆ ನೂರುನ್ನೀಸಾ ಬರಿದಲೆಯಲ್ಲಿ ಕೂತಿದ್ದಳು. ತಲೆಯ ತುಂಬ ಅರ್ಧ ಬೆರಳಿನಷ್ಟು ಕೂದಲು, ಅದೂ ಒಂದೊಂದು ಕಡೆಗೆ ಒಂದೊಂದು ರೀತಿ ನಿಂತಿತ್ತು. ವಲೀಸಾಬ್ ನಗು ತಡೆಯಲಾರದೆ ಟವಲನ್ನು ಬಾಯಿಗೆ ತುರುಕಿಕೊಂಡ. ಹಾಜಿರಾ ಬೀಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮುಗಿಯಿತು, ಮಗಳ ಬಾಳು ನನ್ನ ಕೈಯಾರೆ ಹಾಳಾಯಿತು ಎಂದುಕೊಂಡು ಕಣ್ಣು ಮುಚ್ಚಿದಳು.

“ಇದನಾ?” ಎಂದು ಖುರ್ಷೀದ್ ಬೀಯ ದನಿ ಕೇಳಿತು. “ಇಷ್ಟೇ ಅನಾ ನೀನು ಮುಚ್ಚಿಟ್ಟಿದ್ದು?”

ಹಾಜಿರಾ ಬೀ ಕಣ್ಣು ತೆರೆಯದೆಯೇ ಒದರಿಬಿಟ್ಟಳು. “ಟೈಫಾಯ್ಡ್ ಆಗಿತ್ರೀ. ಕೂದಲೆಲ್ಲ ಹೋತು. ನೀವು ಜಡಿ ನೋಡಿ ಒಪ್ಪಿದೋರು, ಹೆಂಗ ಮುಖ ತೋರಿಸ್ಲಿ? ತಪ್ಪು ನಂದು, ಹುಡುಗೀದಲ್ಲ. ಅಕಿನ್ನ ಬಿಡಬ್ಯಾಡ್ರಿ.”

ಕಣ್ಣು ಬಿಟ್ಟು ನೋಡಿದರೆ ಖುರ್ಷೀದ್ ಬೀ ಸೊಸೆಯ ಪಕ್ಕದಲ್ಲಿ ಕುಸಿದು ಕೂತಿದ್ದಳು. ಆ ಎತ್ತರದ ಹೆಂಗಸು, ಆ ಗಟ್ಟಿ ಗಂಟಲಿನ ಬಳೆಗಾರ್ತಿ, ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

“ಅಯ್ಯೋ ನಿನ್ನ ಮನೆ ಕಾಯ್ವಾಗ! ಜಡೆ ಅಂತೆ ಜಡೆ! ಹುಡುಗಿ ಬದುಕೋದೇ ಇಲ್ಲ ಅಂದ್ಕೊಂಡಿದ್ದೆನಲ್ಲೇ ನಾನು” ಎಂದಳು. ಅಳುವಿನ ನಡುವೆಯೇ ಮಾತು ಕಿತ್ತು ಕಿತ್ತು ಬಂತು. “ಮಗ ಹೋದ್ರೆ ಮುಖ ತೋರಿಸ್ಲಿಲ್ಲ. ಯಾರನ್ನ ಕಳಿಸಿದ್ರೂ ಚೆನ್ನಾಗಿದಾಳೆ, ಮಲಗಿದಾಳೆ. ನನ್ನ ಮಗಳು ಜೈಬೂನ ಗಂಡನ ಮನೆಯೋರೂ ಹಿಂಗೇ ಹೇಳಿ ಕಳಿಸ್ತಿದ್ರು. ಚೆನ್ನಾಗಿದಾಳೆ, ಬರಬ್ಯಾಡಿ ಅಂತ. ನಾನೂ ದಡ್ಡಿ, ನಂಬ್ಕೊಂಡು ಕೂತಿದ್ದೆ. ಕಡೆಗೆ ಹೋದಾಗ ನಂಗೆ ಸಿಕ್ಕಿದ್ದು ಅವಳ ಮಣ್ಣು. ಮುಖನೂ ನೋಡ್ಲಿಲ್ಲ ನಾನು.”

ಬೀಗಿತಿಗೆ ಒಬ್ಬಳು ಮಗಳಿದ್ದಳು, ಮದುವೆಯಾದ ಮೇಲೆ ಜ್ವರದಲ್ಲಿ ತೀರಿಹೋದಳು ಎಂದು ಹಾಜಿರಾ ಬೀಗೂ ಗೊತ್ತಿತ್ತು. ಕೇಳಿ ಅಯ್ಯೋ ಪಾಪ ಎಂದು ಮರೆತಿದ್ದಳು. ಬಾಗಿಲಿಗೆ ಅಡ್ಡ ನಿಂತು ಪ್ರತಿ ಸಲ ‘ಚೆನ್ನಾಗಿದಾಳೆ’ ಎಂದಾಗ ಆ ಮಾತು ಸೊರಬದ ಮನೆಯಲ್ಲಿ ಹೇಗೆ ಕೇಳಿಸಿರಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

“ಮತ್ತ... ಎಂತ ಮಾಡೋದು ನೋಡುವಾ ಅಂದಿದ್ರಿ?” ಎಂದು ಮೆಲ್ಲಗೆ ಕೇಳಿದಳು.

“ಇನ್ನೆಂತದು? ಉಸಿರು ಒಂದು ಇದ್ರೆ ಇಲ್ಲಿಂದ್ಲೇ ಗಾಡಿ ಹತ್ತಿಸಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋಗುವಾ ಅಂತ. ಕೇಳು ನನ್ನ ಮಗನ್ನ. ರಾತ್ರಿಯೆಲ್ಲ ನಿದ್ದೆ ಮಾಡಿದಾನನಾ ಕೇಳು.”

ಪೀರ್ ಸಾಬ್ ಹೆಂಡತಿಯ ತಲೆಯನ್ನೇ ನೋಡುತ್ತ ಬಾಯಿ ತೆರೆದು ನಗುತ್ತಿದ್ದ. ಅವಳು ನಾಚಿ ಸೆರಗು ಎಳೆದುಕೊಳ್ಳಲು ಹೋದಳು. ಖುರ್ಷೀದ್ ಬೀ ಬಿಡಲಿಲ್ಲ. ಅಂಗೈಯಿಂದ ಆ ಮೋಟು ಕೂದಲನ್ನು ಹಿಂದಕ್ಕೂ ಮುಂದಕ್ಕೂ ಸವರಿದಳು. ಸವರುತ್ತ ಸವರುತ್ತ ಆಕೆಗೇ ನಗು ಬಂತು. ಮಜ್ಜಿಗೆಯ ತಂಬಿಗೆ ಹಿಡಿದು, ಹುಲ್ಲಿನ ಕೊರಗಿಗೆ ಇನ್ನೂ ಕಣ್ಣೊರೆಸಿಕೊಳ್ಳುತ್ತ, ಏನಾಯಿತೋ ಎಂದು ಓಡಿ ಬಂದ ವರದಮ್ಮನನ್ನು ಕರೆದಳು.

“ತೋಟದಲ್ಲಿ ಹುಲ್ಲಿಲ್ಲ ಅಂತ ಎಂತಕ್ಕೆ ಅಳ್ತೀಯೇ ತಾಯಿ? ಇಲ್ಲಿ ಮುಟ್ಟಿ ನೋಡು, ಹೆಂಗೆ ಚಿಗುರಿ ನಿಂತದೆ!”

ವರದಮ್ಮ ಸಂಕೋಚದಿಂದ ಕೈ ಚಾಚಿ ಮುಟ್ಟಿದಳು. “ಅಯ್ ಹೌದಲ್ರೀ!” ಎಂದಳು. ಆಮೇಲೆ ಯಾರು ಮೊದಲು ನಕ್ಕರೋ ತಿಳಿಯದು. ವಲೀಸಾಬ್ ಬಾಯಿಂದ ಟವಲು ತೆಗೆದು ಹೊಟ್ಟೆ ಹಿಡಿದುಕೊಂಡು ಉರುಳಾಡಿದ. ಟಗರಿನ ಬಾಯಿಂದ ಜಡೆ ಬಿಡಿಸಿ ತಂದ ಬೆನಕಪ್ಪ, ಅದನ್ನು ಯಾರ ಕೈಗೆ ಕೊಡಬೇಕೋ ಗೊತ್ತಾಗದೆ, “ಯಾರದ್ರೀ ಇದು?” ಎಂದು ಕೇಳಿದ. ಅದಕ್ಕೆ ಇನ್ನೊಂದು ಸುತ್ತು ನಗು. “ಯಾರದೂ ಅಲ್ಲಪ್ಪ, ನಿನ್ನ ಟಗರಿಗೇ ಹೆಣಿ!” ಎಂದು ಹಾಜಿರಾ ಬೀಯೇ ಕೂಗಿದಳು. ಕೂಗಿ, ತನ್ನ ದನಿಗೆ ತಾನೇ ಬೆರಗಾದಳು.

ಪಲಾವು ಆರಿತ್ತು. ಆರಿದ್ದನ್ನೇ ಎಲ್ಲರೂ ಬಾಚಿ ಬಾಚಿ ತಿಂದರು. ಖುರ್ಷೀದ್ ಬೀ ಮೂರು ಸಲ ಹಾಕಿಸಿಕೊಂಡಳು. ವರದಮ್ಮನಿಗೂ ಬೆನಕಪ್ಪನಿಗೂ ಗುಲ್ಗುಲೆ ಕೊಟ್ಟರು.

ಊಟವಾದ ಮೇಲೆ ಬೆನಕಪ್ಪ ಬಂದು, “ಕೊಳದ ಮೆಟ್ಟಿಲ ಮ್ಯಾಲೆ ನನ್ನ ಕುರಿ ಇಳಿಯಂಗಿಲ್ರವ್ವ. ಜಾರ್ತಾವಂತ ಬಿಟ್ಟಿಲ್ಲ. ಅಲ್ಲಿ ಗರಿಕೆ ಐತಿ ನೋಡ್ರಿ” ಎಂದ. ಹೋಗಿ ನೋಡಿದರೆ ನಿಜವೇ. ಹಳೆಯ ಕಲ್ಲಿನ ಸಂದುಗಳಲ್ಲಿ, ಕಾಲುವೆಯ ನೀರು ಇಳಿಯುವ ಕಡೆ, ಒಂದು ಚಾಪೆಯಷ್ಟು ಅಗಲ ಎಳೆ ಗರಿಕೆ ಒದ್ದೆಯಾಗಿ ಹೊಳೆಯುತ್ತಿತ್ತು. ಎಲ್ಲರೂ ಒಟ್ಟಿಗೆ ನಿಲ್ಲಲು ಜಾಗವಿರಲಿಲ್ಲ. ಒಬ್ಬೊಬ್ಬರಾಗಿ ಇಳಿದು ತುಳಿಯಬೇಕಾಯಿತು. ಮೊದಲು ನೂರುನ್ನೀಸಾ ಇಳಿದಳು. ಬರಿಗಾಲಿಗೆ ತಣ್ಣಗೆ ತಾಗಿದ್ದಕ್ಕೆ “ಹಾ!” ಎಂದಳು. ಸೆರಗು ಭುಜದ ಮೇಲಿತ್ತು, ಬರಿದಲೆಗೆ ಗಾಳಿ ಹೊಡೆಯುತ್ತಿತ್ತು. ಜ್ವರ ಬಿಟ್ಟ ಮೇಲೆ ಮಗಳು ಹಾಗೆ ಕತ್ತೆತ್ತಿ ನಿಂತದ್ದನ್ನು ಹಾಜಿರಾ ಬೀ ಅಂದೇ ನೋಡಿದ್ದು. ಅವಳನ್ನು ಕತ್ತು ಬಗ್ಗಿಸಿ ಕೂರಿಸಿದ್ದು ಕಾಯಿಲೆಯಲ್ಲ, ತಾನೇ ಎಂದು ಗೊತ್ತಾಗಿ ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ದೊಡ್ಡ ನಿಟ್ಟುಸಿರೊಂದು ಬಂತು. ಎಷ್ಟು ದಿನದಿಂದ ಒಳಗಿತ್ತೋ ಏನೋ.

ಹೊತ್ತು ಇಳಿಯಿತು. ಗಾಡಿ ಕಟ್ಟುವಾಗ ಖುರ್ಷೀದ್ ಬೀ ಕೇಳಲೂ ಇಲ್ಲ, ಹೇಳಲೂ ಇಲ್ಲ. ಸೊಸೆಯ ಕೈ ಹಿಡಿದು ತನ್ನ ಗಾಡಿಗೆ ಹತ್ತಿಸಿಕೊಂಡಳು.

“ಬಟ್ಟೆಬರೆ ಏನೂ ತಂದಿಲ್ಲಲ್ರೀ” ಎಂದಳು ಹಾಜಿರಾ ಬೀ.

“ಸೊರಬದಲ್ಲಿ ಸೀರೆ ಇಲ್ವನಾ? ನನ್ನ ಮನೇಲಿ ಬಳೆ ಇಲ್ವನಾ? ಇನ್ನು ನಿನ್ನ ಮಾತು ನಂಬಿ ಒಂದು ದಿನನೂ ಬಿಡೋಳಲ್ಲ ನಾನು” ಎಂದು ಬೀಗಿತಿ ಗದರಿದಳು. ಅದು ಬೈಗುಳವಾದರೂ ಹಾಜಿರಾ ಬೀಯ ಕಿವಿಗೆ ಇಂಪಾಗಿ ಕೇಳಿತು.

ಗಾಡಿ ಹೊರಟಿತು. ತಾಯಿ ರಸ್ತೆಯಲ್ಲಿ ನಿಂತಳು, ವಲೀಸಾಬ್ ತಪ್ಪಲೆ ಹಿಡಿದು ಪಕ್ಕದಲ್ಲಿ ನಿಂತ. ಸ್ವಲ್ಪ ದೂರ ಹೋದ ಮೇಲೆ ನೂರುನ್ನೀಸಾ ಗಾಡಿಯ ಹಿಂಬದಿಯಿಂದ ಕತ್ತು ಹೊರಗೆ ಹಾಕಿದಳು. ಮೋಟು ಕೂದಲು ಗಾಳಿಗೆ ನಿಮಿರಿ ನಿಂತಿತ್ತು.

“ಅಮ್ಮೀ!” ಎಂದು ಕೂಗಿದಳು. “ನನ್ನ ಬಾಚಣಿಗಿ ಕಳಿಸಮ್ಮೀ! ಬೇಕಾಗ್ತೈತಿ!”

“ಕಳಿಸ್ತೀನಿ!” ಎಂದು ಹಾಜಿರಾ ಬೀ ಕೂಗಿದಳು. ಗಾಡಿ ತಿರುವು ದಾಟಿ ಕಾಣದಾದ ಮೇಲೂ, “ನಾಳೆನೇ ಕಳಿಸ್ತೀನಿ ಮಗಳೇ, ನಾಳೆನೇ” ಎಂದು ಹೇಳುತ್ತಲೇ ಇದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೆ ಅವಳು ಹೋಗಲಿಲ್ಲ.